ಮೋಟರಿನ ಮೈಗೆ ಹಚ್ಚಿದ ಇಬತ್ತಿ

ಹಡಪಸರ
14 ನವೆಂಬರ್ 1998

ಗುರಣ್ಣನ ಅಣ್ಣನವರಿಗೆ,

ಶಿವಬಸವ್ವನ ನಮಸ್ಕಾರ. ಗಂಡನ ಹೆಸರು ಹೆಂಡತಿ ಬರೀಬಾರದು, ಅದಕ್ಕ ಸತ್ತ ಮೈದುನನ ಹೆಸರು ಹಿಡದು ಕರದೀನಿ. ಚುಚ್ಚಿದ್ರ ಚುಚ್ಚಲಿ.

ಲೋಣಾವಳಾದ ಹೋಟೆಲಿನ್ಯಾಗ ಕೆಲಸ ಸಿಕ್ಕದ, ಆರಾಮ ಇದ್ದೀನಿ ಅಂತ ನಿಮ್ಮ ಅವ್ವಗ ಬರದೀರಿ. ಭಾಳ ಸಂತೋಷ. ಅದರಾಗನ ಇನ್ನೊಂದು ಬರದೀರಲ್ಲ, ಶಿವಬಸವ್ವ ಪರೀಕ್ಷೆ ಮಾಡದ ಬಿಟ್ಟ ಮೋಟರಿನಿಂದ ತಮ್ಮ ಸತ್ತ ಅಂತ! ಅತ್ತಿಯವರಿಗೆ ಓದಾಕ ಬರೂದಿಲ್ಲ. ಆ ಕಾಗದ ಓದಿ ಹೇಳಿದಾಕಿ ನಾನ. ಅಂದಿನಿಂದ ಅವರು ನನ್ನ ಕೈಯಾನ ನೀರು ಮುಟ್ಟೂದಿಲ್ಲ. ಅಮಾಸಿ ಮುಗದ ಕೂಡಲೆ ತವರಿಗೆ ನಡಿ, ಮಗಳು ಇಲ್ಲೇ ಇರಲಿ ಅಂತಾರ.

ನಮ್ಮ ರಿಪೇರಿ ಅಂಗಡ್ಯಾಗ ಆ ಮೋಟರ್ ನಾನ ಪರೀಕ್ಷೆ ಮಾಡಿದ್ದೆ. ಬಟ್ಟಿ ಒಗಿಯೂ ಹಳೇ ಮಷೀನಿನಿಂದ ಬಿಚ್ಚಿದ್ದು. ನೀವ ಕಲಿಸಿದಂಗ ನಡುವ ಬಲ್ಬ್ ಇಟ್ಟು, ಒಂದು ವಾಯರ್ ಸುರುಳಿಗೆ, ಒಂದು ಮೈಗೆ ಹಚ್ಚಿದೆ. ಬಲ್ಬ್ ಹತ್ತಿತು. ಮೈಯಾಗ ಕರೆಂಟ್ ಇಳೀತದ, ಇದು ಗುಜರಿಗೆ ಅಂದೆ. ಹೂಂ ಅಂದ್ರಿ.

ಮಧ್ಯಾಹ್ನ ಗಿರಾಕಿ ಶಂಕ್ರೆಪ್ಪ ಬಂದ. ಬಲ್ಬ್ ನಡುವ ಇದ್ರ ಮೋಟರ್ ಕುಂಟಕೋತ ತಿರಗ್ತದ, ಗಿರಾಕಿ ಮೂಗು ಮುರೀತಾನ ಅಂತ ಬಲ್ಬ್ ತಗದ್ರಿ. ಅರ್ಥಿಂಗ್ ವಾಯರ್ ಸುದ್ದಾ ಹಾಕದ ನೆಟ್ಟಗ ಗ್ವಾಡ್ಯಾಗಿನ ಪ್ಲಗ್ಗಿಗೆ ಹಚ್ಚಿದ್ರಿ. ಗರಗರ ತಿರಗಿತು. ಗಿರಾಕಿಗೆ ಕೊಡೂ ಮೊದಲ, ನಮ್ಮ ಹಣಿಗೆ ಹಚ್ಚಿಕೊಂಡಂಗ ಮೋಟರಿಗೂ ಇಬತ್ತಿ ಹಚ್ಚೂದು ನಮ್ಮನಿ ಪದ್ಧತಿ. ಗುರಣ್ಣಗ ಕೂಗಿದ್ರಿ, ಆದ್ರ ಸ್ವಿಚ್ ಆರಿಸಲಿಲ್ಲ. ನಿಂತ್ರ ಮತ್ತ ತಿರಗಲಿಕ್ಕಿಲ್ಲ ಅಂತ ಅಂಜಿಕಿ. ಅಂವ ಇಬತ್ತಿ ನೀರಾಗ ಕಲಸಿ, ಮೂರು ಒದ್ದಿ ಬೆರಳು ಮೋಟರಿನ ಮೈಗೆ ಎಳದ.

ಪೊಲೀಸರು ಕೇಳಿದ್ರೂ ನಾ ಬಾಯಿ ಬಿಡಲಿಲ್ಲ, ನೀವು ಜೇಲಿಗೆ ಹೋಗಬಾರದು ಅಂತ. ಥೂ ನನ್ನ ಬುದ್ಧಿಗೆ! ಮಾಡಿದ್ದುಣ್ಣೋ ಮಹಾರಾಯ ಅಂತಾರ. ಇಲ್ಲಿ ನೀವು ಮಾಡಿದ್ದು ನಾ ಉಣ್ಣಾಕತ್ತೀನಿ.

ಬರ್ರಿ. ನಿಮ್ಮ ಅವ್ವನ ಮುಂದ ಕುಂತು ಖರೆ ಹೇಳ್ರಿ. ನನ್ನ ಮಗಳನ್ನ ನನ್ನ ಕಡೆನ ಬಿಡ್ರಿ.

ಓಣಿಯವರು ಇನ್ನೂ ನಿಮ್ಮ ಹೆಂಡತಿ ಅನ್ನೂ
ಶಿವಬಸವ್ವ

ತಾ.ಕ.: ನೀವು ಬರೂದಿಲ್ಲ ಅಂತ ಗೊತ್ತು. ಅದಕ್ಕ ಲಕೋಟಿ ಅಂಟಸೂ ಮೊದಲ ಇದನ್ನೂ ಅತ್ತಿಯವರಿಗೆ ಓದಿ ಹೇಳಿದೆ. ಅವರು ಅಳಲಿಲ್ಲ. ಗುರಣ್ಣ ಸತ್ತ ಮೂರನೇ ದಿನಾನ ಶಂಕ್ರೆಪ್ಪ ನನಗ ಎಲ್ಲಾ ಹೇಳ್ಯಾನ, ಸತ್ತಾಂವ ಅಂತೂ ಹ್ವಾದ, ಇದ್ದೊಬ್ಬ ಮಗನ್ನೂ ಕಳಕೊಳ್ಳಲೇನು, ನೀ ಹೊರಗಿಂದ ಬಂದಾಕಿ, ಈ ತಪ್ಪು ನೀನ ಹೊತ್ತು ತಡಕೋ ಅಂದ್ರು.