ತಲೆ ಕೊಟ್ಟು ನಿಲ್ಲುವವನು

ಕ್ಯಾಂಡ್ಲರ್ ಬೆಂಡ್, ಅಲಬಾಮಾ
೧೧ ಜನವರಿ ೨೦೦೬

ಕುವೈತಿನ ಮರಳುಗಾಡಿನಲ್ಲಿ ಟೈರು, ಬಲ್ಬು, ಟಾಯ್ಲೆಟ್ ಪೇಪರುಗಳ ಅಖಂಡ ಸಾಮ್ರಾಜ್ಯವನ್ನಾಳುತ್ತಿರುವ, ಉಗ್ರಾಣದ ಬೀಗದ ಕೈಯನ್ನೇ ರಾಜದಂಡವಾಗಿ ಹಿಡಿದ, ಸಾರ್ಜೆಂಟ್ ಬಿರುದಾಂಕಿತ ಮಾತೃಶ್ರೀಯವರ ಧೂಳು ತುಂಬಿದ ಬೂಟುಗಳ ಮುಂದೆ ಕಿರಿಯ ಮಗಳು ಡೆಲ್ಫೀನ್ ಅಡ್ಡಬಿದ್ದು ಮಾಡುವ ಅರಿಕೆ.

ಪ್ರೀತಿಯ ಅಮ್ಮಾ, ಹೇಗಿದ್ದೀಯಾ? ಹಲ್ಲುನೋವು ಇಳಿಯಿತೇ? ಇಲ್ಲಿ ಅಜ್ಜಿಯ ಸಕ್ಕರೆ ಕಾಯಿಲೆ ಡಾಕ್ಟರ ಮಾತು ಕೇಳುತ್ತಿದೆ, ಅಜ್ಜಿ ಮಾತ್ರ ಕೇಳುತ್ತಿಲ್ಲ. ನಾನು ಚೆನ್ನಾಗಿದ್ದೇನೆ. ಟವೋರಿಸ್ ಅಣ್ಣನ ಆರೋಗ್ಯದ ವಿಷಯ ಮಾತ್ರ ಕಾಗದದಲ್ಲೇ ಬರೆಯಬೇಕು, ಏಕೆಂದರೆ ನಿನ್ನ ಫೋನು ಬಂದರೆ ಅವನೂ ಅಜ್ಜಿಯೂ ಅದಕ್ಕೆ ಕಿವಿ ಅಂಟಿಸಿಕೊಂಡು ನಿಲ್ಲುತ್ತಾರೆ. ಅಕ್ಟೋಬರಿನ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದಾಗಿನಿಂದ ಅವನಿಗೆ ತಲೆನೋವು. ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗುತ್ತಾನೆ. ಏಪ್ರಿಲಿನಲ್ಲಿ ದೊಡ್ಡ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವವರೆಗೂ ಯಾರಿಗೂ ಹೇಳಕೂಡದಂತೆ, ನಿನಗಂತೂ ಹೇಳಲೇಕೂಡದಂತೆ. "ಬಾಯಿ ಬಿಟ್ಟೆಯೋ, ನಿನ್ನ ಜಡೆ ಕತ್ತರಿಸಿ ನಾಯಿ ಕೊರಳಿಗೆ ಕಟ್ತೀನಿ" ಎಂದು ಅಣ್ಣನ ಅಪ್ಪಣೆ. "ಮೂರು ವರ್ಷ ಆಡಿ ಬರ್ಲಿ ಬಿಡೇ, ಆಮೇಲೆ ಜೀವನವೆಲ್ಲಾ ಮಲಗ್ತಾನೆ" ಎಂದು ಅಜ್ಜಿಯ ತೀರ್ಪು.

ಇನ್ನು ಮಹಾವಾರ್ತೆ. ಕಳೆದ ಶನಿವಾರ ಉತ್ತರದ ಒಂದು ದೊಡ್ಡ ತಂಡದಿಂದ, ಆಟಗಾರರನ್ನು ಆರಿಸುವ ಹೋಲ್ಕಂಬ್ ಎಂಬ ಪರೀಕ್ಷಕ ಮಹಾಶಯರು ನಮ್ಮ ಬಡ ಸೋಫಾವನ್ನು ಪಾವನಗೊಳಿಸಿದರು. ಅಜ್ಜಿ ಬೆಳಿಗ್ಗೆಯಿಂದ ಕ್ಯಾಟ್‌ಫಿಶ್ ಕರಿದು ಮನೆಯನ್ನೆಲ್ಲಾ ಎಣ್ಣೆ ಮಾಡಿದ್ದಳು. ಆತ ಹೇಸರಗತ್ತೆ ಕೊಳ್ಳಲು ಬಂದವನ ಹಾಗೆ ಅಣ್ಣನ ತೊಡೆ ಮುಟ್ಟಿ ನೋಡಿದ, ಮೊಣಕಾಲು ತಿರುಗಿಸಿದ, ಅಪ್ಪನ ಫೋಟೋ ನೋಡಿ "ಇವರ ಭುಜ ಮಗನಿಗೆ ಬಂದಿದೆ" ಎಂದ. ಅಪ್ಪ ಬದುಕಿದ್ದಾಗ ಯಾರೂ ಅವರ ಭುಜ ಹೊಗಳಿದ್ದು ನನಗೆ ನೆನಪಿಲ್ಲ. ಆಮೇಲೆ ಅಣ್ಣನ ಪಂದ್ಯಗಳ ಟೇಪನ್ನು ಟಿವಿಗೆ ಹಾಕಿದ. ಅಣ್ಣ ಚೆಂಡು ಹಿಡಿದು ಅರ್ಧ ಮೈದಾನ ಓಡಿದ್ದನ್ನೆಲ್ಲಾ ಸರ್ರನೆ ಮುಂದಕ್ಕೆ ಓಡಿಸಿಬಿಟ್ಟ. ಅಣ್ಣನ ಮುಖ ನೋಡಬೇಕಿತ್ತು. ನಿಲ್ಲಿಸಿದ್ದು ಅವನ ಕೈಯಲ್ಲಿ ಚೆಂಡೇ ಇಲ್ಲದ ಕಡೆ. ಚೆಂಡು ಎಸೆಯುವ ಹುಡುಗನ ಮೇಲೆ ಎದುರಾಳಿ ನುಗ್ಗಿ ಬರುತ್ತಾನೆ, ಅಣ್ಣ ನಡುವೆ ಹೋಗಿ ತಲೆಯೊಡ್ಡುತ್ತಾನೆ. ಹೋಲ್ಕಂಬ್ ಟೇಪನ್ನು ಹಿಂದಕ್ಕೆ ತಿರುಗಿಸಿದ, ಮತ್ತೆ ನೋಡಿದ. "ಓಡೋರು ಪ್ರತಿ ಊರಲ್ಲೂ ಸಿಗ್ತಾರಮ್ಮ. ಹೀಗೆ ತಲೆ ಕೊಟ್ಟು ನಿಲ್ಲೋನು ಸಿಗಲ್ಲ. ನಾವು ಇವನನ್ನ ತಗೊಳ್ಳೋದು ಇದಕ್ಕೆ" ಎಂದು ಅಜ್ಜಿಗೆ ಹೇಳಿದ. ಅಜ್ಜಿ ಇನ್ನೊಂದು ಮೀನು ಬಡಿಸಿದಳು. ಅಕ್ಟೋಬರಿನ ಆ ಪೆಟ್ಟೂ ಅದೇ ಟೇಪಿನಲ್ಲಿತ್ತು ಅಮ್ಮಾ. ಅದನ್ನೇ ಆತ ಹೆಚ್ಚು ಸಲ ನೋಡಿದ್ದು. "ಬ್ಯೂಟಿಫುಲ್" ಎಂದ.

ಹಿರಿಯರಿಗೆ ಇನ್ನೊಂದು ಸಂಗತಿ ನಿವೇದಿಸಬೇಕು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಅಣ್ಣ "ಅಮ್ಮ ಎಲ್ಲೇ?" ಅಂದ. ನನ್ನನ್ನು ಆಟ ಆಡಿಸುತ್ತಿದ್ದಾನೆ ಅಂದುಕೊಂಡು "ಕುವೈತಿನಲ್ಲಿ ಒಂಟೆ ಮೇಯಿಸ್ತಿದ್ದಾಳೆ" ಅಂದೆ. ನಕ್ಕ. ಬ್ರೆಡ್ಡು ಮುಗಿಯುವಷ್ಟರಲ್ಲಿ ಮತ್ತೆ ಅದನ್ನೇ ಕೇಳಿದ. ಆಟ ಬೆಳೆಸೋಣವೆಂದು "ಅಂಗಡಿಗೆ ಹೋಗಿದ್ದಾಳೆ, ಈಗ ಬರ್ತಾಳೆ" ಅಂದೆ. ಅವನು ಎದ್ದು ಹೋಗಿ ನಿನಗೊಂದು ತಟ್ಟೆ ತಂದಿಟ್ಟ. ಸೊಪ್ಪು ಬಡಿಸಿ, ಆರದಿರಲೆಂದು ಮೇಲೆ ಇನ್ನೊಂದು ತಟ್ಟೆ ಮುಚ್ಚಿದ. ಆಮೇಲೆ ನಿನ್ನ ದಾರಿ ನೋಡುತ್ತಾ ಮನೆ ಮುಂದಿನ ಮೆಟ್ಟಿಲ ಮೇಲೆ ಹೋಗಿ ಕೂತ. ನನಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಅವನು ಎದ್ದು ಬಂದು ಟಿವಿ ಹಾಕುವವರೆಗೂ ಅಡುಗೆಮನೆಯಲ್ಲಿ ನಿಂತಿದ್ದು, ನಿನ್ನ ತಟ್ಟೆ ಖಾಲಿ ಮಾಡಿ ತೊಳೆದಿಟ್ಟೆ. ಮರುದಿನ ಅವನಿಗೆ ಅದು ನೆನಪಿರಲಿಲ್ಲ. ಈಗ ಶಾಲೆಗೆ ಹೋಗುತ್ತೇನೆ, ಬರುತ್ತೇನೆ. ಮೊದಲಿನ ಹಾಗೆ ಯಾರ ಕುರ್ಚಿಗೂ ಅಂಟು ಹಚ್ಚಿಲ್ಲ. ಟೀಚರು ನನಗೆ ಹುಷಾರಿಲ್ಲವೇನೋ ಎಂದು ಜ್ವರ ನೋಡಿದರು.

ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಪ್ರಾರ್ಥನೆ ಬಿಡಬೇಡ ಅಂದಿದ್ದಾಳೆ. ಚರ್ಚಿನ ಎಲ್ಲರೂ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಅಣ್ಣ ಈಗ ಮಲಗಿದ್ದಾನೆ.

ನಿನ್ನ ಪಾದಧೂಳಿ,
ಡೆಲ್ಫೀನ್

ತಾ.ಕ.: ಅಂಚೆಯವನು ಗೇಟಿನ ಹತ್ತಿರ ಬಂದ, ಬೇಗ ಬರೆಯುತ್ತೇನೆ. ಹೋಲ್ಕಂಬ್ ಹೊರಡುವಾಗ ಕಾರಿನವರೆಗೂ ಹೋಗಿ ತಲೆನೋವು, ಕಂಬಳಿ, ತಟ್ಟೆ ಎಲ್ಲಾ ಹೇಳಿಬಿಟ್ಟೆ. ಆದರೆ ನಾನು ರೇಡಿಯೋದವಳ ದನಿಯಲ್ಲಿ ಫೋನು ಮಾಡಿ ಪಾದ್ರಿಗೆ ದೋಣಿ ಬಹುಮಾನ ಬಂದಿದೆ ಅಂದ ಕಥೆಯನ್ನು ಅಜ್ಜಿ ಊಟದಲ್ಲೇ ಆತನಿಗೆ ಹೇಳಿಯಾಗಿತ್ತು. "ನಂಗೇನು ದೋಣಿ ಕೊಡಲ್ವಾ ಮರಿ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನೀನು ಹೇಳಿದರೆ ನಂಬುತ್ತಾರೆ, ಆ ತಂಡದವರಿಗೆ ನೀನೇ ಬರೆ. ನಾನು ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ, ನಾನೂ ನಕ್ಕೆ. ಆತ ನಂಬಲಿಲ್ಲವಲ್ಲ, ಅಣ್ಣನ ಆಯ್ಕೆ ನನ್ನಿಂದ ಕೆಡಲಿಲ್ಲವಲ್ಲ ಅಂತ ನನಗೆ ಹಾಯೆನಿಸಿತು.