ಮೂರು ವರ್ಷ ಹಳೆಯ ರಿಪೋರ್ಟು

ತಕ್ಕಡಿ ಅಂಗಡಿ, ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಇವಳಿಗೆ,

ಮೂವತ್ತೆರಡು ವರ್ಷ ‘ಏ, ಇಲ್ನೋಡೇ’ ಎಂದೇ ಕರೆದವನಿಗೆ ಕಾಗದದಲ್ಲಿ ಹೇಗೆ ಕರೆಯಬೇಕೆಂದು ತೋಚಲಿಲ್ಲ, ನಗಬೇಡ. ನಿನ್ನ ಮಂಡಿನೋವು ಹೇಗಿದೆ? ಮಗಳ ಕಾಲಿನ ಪ್ಲಾಸ್ಟರ್ ತೆಗೆದರಾ? ಅಳಿಯ ಪಾತ್ರೆ ತೊಳೆಯಲು ಕಲಿತನಂತೆ. ಸಂತೋಷ. ಅದನ್ನು ನೋಡಿ ಬಂದಮೇಲೆ ನೀನು ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂಬ ಹೆದರಿಕೆಯೂ ಇದೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನ ದನಿ ಕಿವಿಗೆ ಬಿದ್ದರೆ ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಕಾಗದ.

ಈ ಕಥೆಯನ್ನು ಮೊದಲು ಹೇಳಿದವಳು ಆರೋಗ್ಯ ಕೇಂದ್ರದ ನರ್ಸಮ್ಮ, ಮೂರು ವಾರದ ಹಿಂದಿನ ಮಂಗಳವಾರ, ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು. ಕೂಸುಗಳನ್ನು ತೂಗುವ ತಕ್ಕಡಿ ಸರಿಯಾಗಿ ತೋರಿಸುತ್ತಿಲ್ಲ ಎಂದು ಹೊತ್ತು ತಂದಿದ್ದಳು. ನಾನು ಅದನ್ನು ಬಿಚ್ಚುತ್ತಿದ್ದೆ. ಎದುರಿನ ಬೀಗದವನೂ ಪಕ್ಕದ ಟೈಲರಮ್ಮನೂ ಟೀ ಹಿಡಿದು ಕೂತಿದ್ದರು. ‘ಒಬ್ಬ ಇದ್ದ’ ಎಂದು ಶುರುಮಾಡಿದಳು ನೋಡು. ‘ಐವತ್ತು ದಾಟಿತ್ತು. ಹೆಂಡತಿ ಕಾಟ ತಾಳಲಾರದೆ ಕಕ್ಕಸ್ಸು ಒಂದು ಚೂರು ಕಡ್ಡೀಲಿ ತೆಗೆದು ಶೀಶೆಗೆ ಹಾಕಿ ಪರೀಕ್ಷೆಗೆ ಕೊಟ್ಟ. ಕರುಳಿನ ಕ್ಯಾನ್ಸರ್ ಬೇಗ ಹಿಡಿಯೋಕೆ, ಕಣ್ಣಿಗೆ ಕಾಣದ ರಕ್ತ ಏನಾದ್ರೂ ಇದೆಯಾ ಅಂತ ನೋಡೋದು ಅದರಲ್ಲಿ. ಇಲ್ಲ ಅಂತ ಬಂತು. ಮಾರನೇ ವರ್ಷ ನಾವು ಮತ್ತೆ ಶೀಶೆ ಕಳಿಸಿದ್ರೆ, ಹೋದ ವರ್ಷ ಚೆನ್ನಾಗೇ ಇತ್ತಲ್ಲ, ಈ ವರ್ಷ ಬೇರೆ ಕರುಳು ಹಾಕಿಸ್ಕೊಂಡಿದೀನಾ ಅಂದ! ಅದರ ಮುಂದಿನ ವರ್ಷಾನೂ ಅದೇ ಮಾತು. ಆಮೇಲೆ ಒಂದು ದಿನ ಅವನೇ ಓಡಿ ಬಂದ. ಆಗ ರಕ್ತ ಬರೀ ಕಣ್ಣಿಗೇ ಕಾಣ್ತಿತ್ತು.’

‘ಅಯ್ಯೋ, ಎಂಥಾ ಪೆದ್ದ ಅವನು!’ ಎಂದಳು ಟೈಲರಮ್ಮ. ಬೀಗದವನು ನಕ್ಕ. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ ಕಣೇ. ಅಷ್ಟರಲ್ಲಿ ನರ್ಸಮ್ಮ, ಈ ತಕ್ಕಡಿ ಮತ್ತೆ ಯಾವಾಗ ತರಬೇಕು ಎಂದು ಕೇಳಿದಳು. ಬಾಯಿಪಾಠದ ಮಾತು ತಾನಾಗಿ ಬಂತು: ‘ವರ್ಷಕ್ಕೊಂದ್ಸಲ ತನ್ನಿ ತಾಯಿ. ಇವತ್ತು ಸರಿ ಇದೆ ಅಂದ್ರೆ ಇವತ್ತಿಗೆ ಸರಿ ಅಂತ ಅಷ್ಟೇ.’ ಅವಳು ಚಪ್ಪಾಳೆ ತಟ್ಟಿಬಿಟ್ಟಳು. ‘ನಾನು ಇಷ್ಟು ಹೊತ್ತು ಹೇಳಿದ್ದೂ ಅದೇ! ಅಣ್ಣ ಎಷ್ಟು ಚೆನ್ನಾಗಿ ಹೇಳಿದ್ರು ನೋಡಿ.’ ಹೊಗಳಿಸಿಕೊಂಡು ಕೂತಿದ್ದೆ, ತಲೆ ಎತ್ತಲಾಗಲಿಲ್ಲ. ಕಳಚಿಟ್ಟ ಸ್ಕ್ರೂ ಕಾಲಡಿಯಲ್ಲೇ ಇದ್ದರೂ ಹುಡುಕುವವನ ಹಾಗೆ ಬಗ್ಗಿಕೊಂಡೆ.

ಏಕೆಂದರೆ ಆ ಪೆದ್ದನ ಎರಡು ವರ್ಷ ನನ್ನವೂ ಹೌದು. ನನ್ನ ರಿಪೋರ್ಟು ಚೆನ್ನಾಗಿ ಬಂದು ಮೂರು ವರ್ಷವಾಯಿತು. ಆಮೇಲೆ ಎರಡು ಸಲವೂ ನೀನು ‘ಕೊಟ್ರಾ?’ ಎಂದೆ, ನಾನು ‘ಹೂಂ, ಕೊಟ್ಟೆ’ ಎಂದೆ. ಕೊಡಲಿಲ್ಲ. ಕೇಂದ್ರದ ಕೌಂಟರಿನಲ್ಲಿ ಕೂರುವವಳು ನಮ್ಮ ಮಗಳ ಜೊತೆ ಓದಿದವಳು, ನಮ್ಮ ಮನೆಯಲ್ಲಿ ಉಂಡವಳು. ಅವಳ ಕೈಗೆ ಆ ಶೀಶೆಯ ಪೊಟ್ಟಣ ಹೇಗೆ ಕೊಡಲಿ ಎಂದು ಬಾಗಿಲವರೆಗೆ ಹೋಗಿ ವಾಪಸು ಬಂದೆ. ತೊಳೆದಿಟ್ಟ ಶೀಶೆ ಎರಡೂ ಹಳೆಯ ತೂಕದ ಬಟ್ಟುಗಳ ಡಬ್ಬದಲ್ಲಿವೆ. ‘ನೀವು ಕೊಟ್ರಲ್ಲ, ಈಗ ನಂಗೂ ಧೈರ್ಯ ಬಂತು’ ಎಂದು ನೀನು ನಿನ್ನದನ್ನು ಕೊಟ್ಟು ಬಂದೆ. ಆ ದಿನ ನೀನು ನನಗೆ ತಟ್ಟೆ ತುಂಬ ಬಡಿಸಿದೆ. ನಾನು ಉಂಡೆ.

ಕಥೆ ಕೇಳಿದವರು ಮಾರನೇ ಬೆಳಿಗ್ಗೆ ಏನು ಮಾಡಿದರು ಎಂದರೆ, ಟೈಲರಮ್ಮ ಅಂಗಡಿ ತೆಗೆಯುವ ಮೊದಲೇ ಕೇಂದ್ರಕ್ಕೆ ಹೋದಳು, ತನಗೊಂದು ಗಂಡನಿಗೊಂದು ಶೀಶೆ ಕೇಳಲು. ಅವಳ ಹಿಂದೆ ಬೀಗದವನು. ಅವನ ಹಿಂದೆ ನಾನು. ಕೌಂಟರಿನ ಹುಡುಗಿ ನನ್ನನ್ನು ಕಂಡವಳೇ ಪುಸ್ತಕ ತಿರುವಿ, ‘ಅಂಕಲ್, ನೀವು ಮೂರು ವರ್ಷದಿಂದ ಕೊಟ್ಟೇ ಇಲ್ವಲ್ಲ!’ ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದಳು. ಟೈಲರಮ್ಮ ತಿರುಗಿ ನೋಡಿದಳು. ಹಿಂದಿನ ದಿನ ಪೆದ್ದ ಎಂದವಳು ಪಕ್ಕಕ್ಕೆ ಸರಿದು, ‘ಅಣ್ಣ, ಮೊದ್ಲು ನೀವು ತಗೊಳ್ಳಿ’ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಗಳು ಬೇಗ ಓಡಾಡುವಂತಾಗಲಿ. ಅಳಿಯನನ್ನು ಕೇಳಿದೆನೆಂದು ಹೇಳು.

ನಿನ್ನವನೇ,
ತಕ್ಕಡಿಯವನು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಈ ಸಲ ನಿಜವಾಗಿಯೂ ಕೊಟ್ಟೆ, ರಕ್ತ ಇದೆ ಎಂದು ಬಂದಿದೆ. ‘ಇನ್ನೊಂದ್ಸಲ ಕೊಡ್ತೀನಿ, ಇಲ್ಲ ಅಂತ ಬರಬಹುದು’ ಎಂದು ಬೇಡಿಕೊಂಡೆ. ನರ್ಸಮ್ಮ ಒಪ್ಪಲಿಲ್ಲ. ಇಲ್ಲ ಎಂದು ಬಂದರೆ ವರ್ಷ ಬಿಟ್ಟು ಮತ್ತೆ ಕೊಡಬೇಕಂತೆ. ಇದೆ ಎಂದು ಬಂದರೆ ಮತ್ತೆ ಅದೇ ಪರೀಕ್ಷೆ ಮಾಡಿಸಿ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ, ಒಳಗೆ ಕ್ಯಾಮೆರಾ ತೂರಿಸಿ ಕರುಳನ್ನೇ ನೋಡಬೇಕಂತೆ. ಬರೀ ಮೂಲವ್ಯಾಧಿಯೂ ಇರಬಹುದು, ಬೇರೆಯೂ ಇರಬಹುದು ಎಂದಳು. ಅದು ಇದೇ ಇಪ್ಪತ್ತೊಂದನೇ ತಾರೀಕು ಶುಕ್ರವಾರ, ಬೆಳಿಗ್ಗೆ ಎಂಟಕ್ಕೆ. ಜೊತೆಗೆ ಒಬ್ಬರು ಇರಲೇಬೇಕಂತೆ. ಬೀಗದವನು ಬರುತ್ತೇನೆ ಎಂದ, ಬೇಡ ಎಂದೆ. ನೀನು ಬಾ. ಬೈಗುಳವನ್ನು ದಾರಿಯಲ್ಲೇ ಖರ್ಚುಮಾಡಬೇಡ, ಪೂರ್ತಿ ಇಟ್ಟುಕೊಂಡು ಬಾ.