ಐದನೆಯ ಬೂಟ್ ಡಿಸ್ಕ್

ಮಾರ್ಚ್ 3, ಸೋಮವಾರ

ಈ ಕಥೆ ಮೊದಲು ಹೇಳಿದವನು ನಮ್ಮ ಆಸ್ಪತ್ರೆ ಸ್ಟೋರಿನ ದೊಡ್ಡಣ್ಣ, ಇವತ್ತು ಹನ್ನೊಂದರ ಚಹಾಕ್ಕೆ. ಒಬ್ಬ ಕಣಜದ ಕಾವಲುಗಾರ. ಬೀಗದ ಕೈ ಕಳೆದೀತೆಂದು ಎತ್ತಿನ ಕೊರಳಿಗೆ ಕಟ್ಟಿದ. ಆಮೇಲೆ ಎತ್ತನ್ನೇ ಸಂತೆಯಲ್ಲಿ ಮಾರಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಹನ್ನೊಂದು ಕಂಪ್ಯೂಟರ್ ಮುಗಿದವು. ಇನ್ನು ಇಪ್ಪತ್ತೊಂಬತ್ತು. ಯಂತ್ರ ಎಬ್ಬಿಸುವ ಸಿಡಿ, ಅದೇ ಬೂಟ್ ಡಿಸ್ಕ್, ಹಾಕು, ಆನ್ ಮಾಡು, ಸರ್ವರಿನಿಂದ ಹೊಸ ಇಮೇಜ್ — ಸಾಫ್ಟ್‌ವೇರಿನ ಪೂರ್ತಿ ನಕಲು — ಇಳಿಯುವವರೆಗೆ ಕಾಯು. ಶುಕ್ರವಾರ ಕಡೆಯ ದಿನ.

ನಮ್ಮ ಆಸ್ಪತ್ರೆ ಕಂಪ್ಯೂಟರುಗಳ ಜಾಲ, ಡೊಮೇನ್, ಬಲು ಬಿಗಿ. ಗುರುತು ಹೇಳದ ಯಂತ್ರವನ್ನು ಹೊಸ್ತಿಲು ದಾಟಿಸುವುದಿಲ್ಲ. ಅದಕ್ಕೇ ಡಿಸ್ಕಿನೊಳಗೆ ಹೆಸರು, ಪಾಸ್‌ವರ್ಡ್ ಬರೆದಿಡಬೇಕು. ಇಮೇಜ್ ಓದಲಷ್ಟೇ ಬರುವ ಪುಟ್ಟ ಖಾತೆ ಹಾಕಿ ಅಂದಿದ್ದರು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ. ಅದು ಹಾಕಿದರೆ ಒಂದೊಂದು ಯಂತ್ರವನ್ನೂ ಆಮೇಲೆ ಕೈಯಾರೆ ಡೊಮೇನಿಗೆ ಸೇರಿಸಬೇಕು. ಅವಸರಕ್ಕೆ ಎಲ್ಲ ಬಾಗಿಲೂ ತೆರೆಯುವ ಅಡ್ಮಿನ್ ಪಾಸ್‌ವರ್ಡನ್ನೇ ಬರೆದೆ. ಐದೂ ಡಿಸ್ಕಿಗೆ. ತೆರೆದವರು ಓದಬಹುದು…

ಮಾರ್ಚ್ 4, ರಾತ್ರಿ 8

ಬ್ಯಾಗಿನಲ್ಲಿ ನಾಲ್ಕೇ ಇವೆ. ಮೂರು ಸಲ ಎಣಿಸಿದೆ. ನಿನ್ನೆ ಹೊರರೋಗಿ ವಿಭಾಗದಲ್ಲಿ ಬಿಟ್ಟೆನೋ ಏನೋ — ಅಲ್ಲಿ ದಿನಕ್ಕೆ ಸಾವಿರ ಜನ.

"ಏನ್ರೀ, ತಟ್ಟೆನೇ ನೋಡ್ತಾ ಕೂತಿದೀರಿ. ನೀವೂ ಹ್ಯಾಂಗ್ ಆದ್ರಾ?" ಅಂದಳು ಹೆಂಡತಿ.

ಹೇಳಿದೆ. ಆ ಪಾಸ್‌ವರ್ಡ್ ಇದ್ದರೆ ಯಾರ ರಿಪೋರ್ಟ್ ಬೇಕಾದರೂ ನೋಡಬಹುದು ಅಂದೆ.

"ಹೋದ ತಿಂಗಳದ್ದು ನಂದೂ?"

"ನಿಂದೂ."

"ಅದನ್ನ ನಮ್ಮಕ್ಕಂಗೂ ಹೇಳಿಲ್ಲ ಕಣ್ರೀ ನಾನು." ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪಾತ್ರೆಗಳದ್ದಷ್ಟೇ ಸದ್ದು.

ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು. ಬದಲಿಸಲು ಮೇಡಂ ಒಬ್ಬರಿಗೇ ಅಧಿಕಾರ. ಯಾಕೆ ಅಂತ ಕೇಳುತ್ತಾರೆ. ಕೆಲಸ ಹೋಗುತ್ತದೆ.

ಮಾರ್ಚ್ 6, ಗುರುವಾರ

ನಿನ್ನೆ ಬರೆಯಲಿಲ್ಲ. ಕಸದ ಡಬ್ಬಿಗಳನ್ನೂ ಕೆದಕಿದ್ದಾಯಿತು. ಬೆಳಿಗ್ಗೆ ಮೇಡಂ "ಡಿಸ್ಕ್ ಎಲ್ಲ ಸರಿಯಾಗಿವೆ ತಾನೆ?" ಅಂದರು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

ಚಹಾಕ್ಕೆ ದೊಡ್ಡಣ್ಣನ ಗಂಟಲು ಕಟ್ಟಿತ್ತು. "ಇವತ್ತು ನೀನು ಹೇಳಪ್ಪಾ. ದಿನಾ ಪುಕ್ಕಟೆ ಕೇಳ್ತೀಯ."

ಹೇಳಿದೆ. ಒಂದೂರಲ್ಲಿ ಒಬ್ಬ ಕಂಪ್ಯೂಟರಿನವನಿದ್ದನಂತೆ… ಅಂತ. ಅರ್ಧಕ್ಕೆ ಬರುವಷ್ಟರಲ್ಲಿ ನಗು ನಿಂತಿತು. ಮೇಡಂ ಲೋಟ ಕೆಳಗಿಟ್ಟರು.

"ಆ ಕಥೆಯವನು ಡಿಸ್ಕ್ ಕಳ್ಕೊಂಡು ಎಷ್ಟು ದಿನ ಆಯ್ತು?"

"ಮೂರು, ಮೇಡಂ."

ಚಹಾ ಬಿಟ್ಟು ಎದ್ದು ಹೋದರು. ಹನ್ನೊಂದೂವರೆಗೆ ಪಾಸ್‌ವರ್ಡ್ ಬದಲಾಯಿತು.  ಮೇಡಂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾರ್ಚ್ 7, ಬೆಳಿಗ್ಗೆ 9.40

ಕಥೆ ಕೇಳಿದವರೆಲ್ಲ ಇವತ್ತು ಬೇಗ ಬಂದಿದ್ದಾರೆ. ದೊಡ್ಡಣ್ಣ ಕತ್ತರಿ ಹಿಡಿದು ಉಳಿದ ನಾಲ್ಕು ಡಿಸ್ಕ್ ತುಂಡು ಮಾಡಿದ. ರಿಸೆಪ್ಶನ್ನಿನ ಅಕ್ಕ ಕೀಬೋರ್ಡ್ ಎತ್ತಿ, ಅಡಿಯಲ್ಲಿ ಅಂಟಿಸಿದ್ದ ಪಾಸ್‌ವರ್ಡಿನ ಚೀಟಿ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮೇಡಂ ಸರ್ವರಿನ ಲಾಗ್ ಓದಿ ನನ್ನನ್ನು ಕೇಳುತ್ತಿದ್ದಾರೆ. ಅಡ್ಮಿನ್ ಖಾತೆ ಸೋಮವಾರದಿಂದ ಯಾವಾಗ ಯಾವಾಗ ಒಳಗೆ ಹೋಗಿದೆ, ಸಾಲು ಸಾಲಾಗಿ.

"ಮಂಗಳವಾರ ಒಂಬತ್ತು ಇಪ್ಪತ್ತು?"

"ನಾನೇ. ಎರಡನೇ ಮಹಡಿ, ಲ್ಯಾಬು."

ಟಿಕ್.

"ಬುಧವಾರ ಸಂಜೆ ಏಳು ಹತ್ತು?"

ಆಗ ನಾನು ಮನೆಯಲ್ಲಿದ್ದೆ.

ಟಿಕ್ ಬೀಳಲಿಲ್ಲ. ಆ ಹೊತ್ತಿಗೆ ತೆರೆದ ರಿಪೋರ್ಟುಗಳ ಪಟ್ಟಿ ಪಕ್ಕದ ಕೋಣೆಯಲ್ಲಿ ಪ್ರಿಂಟ್ ಆಗುತ್ತಿದೆ. ನಾನೇ ಹೋಗಿ ತರಬೇಕಂತೆ. ಪ್ರಿಂಟರಿನ ಸದ್ದು ನಿಂತಿತು. ಏಳಬೇಕು. ಪಟ್ಟಿಯಲ್ಲಿ ಮೊದಲು ಹುಡುಕುವುದು ನನ್ನವಳ ಹೆಸರನ್ನೇ.